ಐಸ್ ಫ್ಯಾಕ್ಟರಿಯ ಒಂಬತ್ತು ಬಡಿತ

ಕುಮಟೆಯ ಆಚೆ, ಗುಡ್ಡದ ಮೇಲಿನ ಚಿರೆಕಲ್ಲು ಕ್ವಾರಿಯಲ್ಲಿ ಕಲ್ಲು ಕೊಯ್ಯುವ ಮಷಿನ್ ನಡೆಸುವವನು ಪ್ರವೀಣ ಗೌಡ. ಕೆಂಪು ಧೂಳು ಕೂತು ಅವನ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಒಂದೇ ಬಣ್ಣ. ಕೆಲಸದಲ್ಲಿ ಅವನಿಗೆ ಯಾರೂ ಹೆಸರಿಡುವ ಹಾಗಿಲ್ಲ. ದಾರ ಹಿಡಿದಂತೆ ನೇರ ಕೊಯ್ಯುತ್ತಾನೆ. ಇರುವುದು ಒಂದೇ ದೂರು. ಗಂಟೆಗೆ ನಾಲ್ಕೈದು ಸಲ ಮಷಿನ್ ನಿಲ್ಲಿಸಿ ಸುಮ್ಮನೆ ನಿಂತುಬಿಡುತ್ತಾನೆ.

"ಎಂತಾತು ಮಾರಾಯ, ಬ್ಲೇಡ್ ಸಿಕ್ಬಿತ್ತಾ?" ಎಂದು ಕೆಳಗೆ ಲಾರಿಗೆ ಕಲ್ಲು ತುಂಬುವವರು ಕೂಗುತ್ತಾರೆ.

"ಇಲ್ಲ. ಯಾರೋ ಕರ್ದಂಗಾತು."

"ಈ ಗುಡ್ಡದ ಮೇಲೆ ನಿನ್ನ ಯಾರ್ ಕರೀತಾರಾ? ಕರದ್ರೆ ಕಾಗೆ ಕರೀಬೇಕು!"

ಅವರು ನಗುತ್ತಾರೆ. ಪ್ರವೀಣ ಕಿವಿಗೊಟ್ಟು ಹದಿನಾರರವರೆಗೆ ಮನಸ್ಸಿನಲ್ಲೇ ಎಣಿಸುತ್ತಾನೆ. ಏನೂ ಕೇಳದಿದ್ದರೆ ಮತ್ತೆ ಮಷಿನ್ ಹಾಕುತ್ತಾನೆ. ಹೀಗೆ ನಿಂತು ಎಣಿಸುವ ಚಾಳಿ ಎಲ್ಲಿಂದ ಬಂತು ಎಂದು ಕ್ವಾರಿಯವರಿಗೆ ಗೊತ್ತಿಲ್ಲ. ಅದು ಎರಡು ಮಳೆಗಾಲದ ಹಿಂದೆ, ಹೊನ್ನಾವರದಲ್ಲಿ ಹೊಳೆಯ ದಂಡೆಯ ಒಂದು ಐಸ್ ಫ್ಯಾಕ್ಟರಿಯಲ್ಲಿ ಅವನಿಗೆ ಅಂಟಿಕೊಂಡದ್ದು.

ಪ್ರವೀಣನ ಮನೆಯಲ್ಲಿ ಹಾಡಿಗೆ ಬರವಿರಲಿಲ್ಲ. ತಾಯಿ ಲಕ್ಕಿ ಗದ್ದೆ ನೆಟ್ಟಿಗೆ ಇಳಿದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಹಾಡನ್ನು ಕಡಿಯದೆ ಹೇಳುವವಳು. ಮಗನಿಗೆ ಮಾತ್ರ ಆ ಹಾಡುಗಳ ಕಡೆ ಕಿವಿ ಹೋಗಲಿಲ್ಲ. ಅವನು ಏಳು ವರ್ಷದವನಿದ್ದಾಗ ಮಾವ ಭಟ್ಕಳದ ಪೇಟೆಯಿಂದ ಒಂದು ಟಿವಿ ಗೇಮ್ ತಂದುಕೊಟ್ಟಿದ್ದ. ಅದರ ಹಳದಿ ಕ್ಯಾಸೆಟ್ಟಿನಲ್ಲಿ ಒಂದು ಆಟ: ಈಟಿ ಹಿಡಿದ ಗಿಡ್ಡ ಮನುಷ್ಯನೊಬ್ಬ ನೀರು ತುಂಬಿದ ಗುಹೆಯೊಳಗೆ ಇಳಿಯುತ್ತ ಹೋಗುತ್ತಾನೆ. ಗುಹೆಯ ತಳದಲ್ಲಿ ಕಲ್ಲಿನ ಬಾಗಿಲು. ಇಳಿಯುವಷ್ಟು ಹೊತ್ತು ಒಂದು ಸಂಗೀತ. ಸಂಗೀತವೆಂದರೆ ಏನು, ಜೀರುಂಡೆಯಂಥ ಮೂರು ಸಣ್ಣ ಸದ್ದು, ಹಿಂದೆ ಹುರಿಗಡಲೆ ಕುಟ್ಟಿದಂತೆ ಒಂದು ತಾಳ. ಬಾಗಿಲ ಎದುರು ಬಂದಾಗ ಸಂಗೀತ ಗಪ್ಪನೆ ನಿಲ್ಲುತ್ತಿತ್ತು. ಹದಿನಾರು ಎಣಿಸುವಷ್ಟು ಹೊತ್ತು ಪೂರಾ ಮೌನ. ಆಮೇಲೆ ಅದೇ ರಾಗ ಕೆಳಗಿನ ಸ್ವರದಲ್ಲಿ, ಎರಡು ಪಟ್ಟು ಸಿಟ್ಟಿನಲ್ಲಿ ಮೇಲೇಳುತ್ತಿತ್ತು. ಆ ಮೌನದಲ್ಲಿ ಪ್ರವೀಣ ಉಸಿರು ಹಿಡಿಯುತ್ತಿದ್ದ.

ಹತ್ತನೇ ತರಗತಿಗೆ ಶಾಲೆ ಬಿಟ್ಟ. ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಎಳೆಯುವ ಕೆಲಸ ಸಿಕ್ಕಿತು. ಕಬ್ಬಿಣದ ಕೊಕ್ಕೆ ಹಾಕಿ ಐಸ್ ಗಡ್ಡೆಗಳನ್ನು ಎಳೆದು ಕೋಲ್ಡ್ ರೂಮಿಗೆ ಪೇರಿಸುವುದು, ಬೋಟು ಬಂದಾಗ ಗೋಡೆಯ ಕಂಡಿಯಿಂದ ಹೊರಗೆ, ಬೋಟು ಕಟ್ಟುವ ಧಕ್ಕೆಗೆ ಜಾರಿಸುವುದು. ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದ ಉದ್ದ ಕೂದಲಿನವರು ಹಳೆಯ ಆಟಗಳ ಸಂಗೀತವನ್ನು ದೊಡ್ಡ ದೊಡ್ಡ ಗಿಟಾರುಗಳಲ್ಲಿ ಮೆಟಲ್ ಮಾಡಿ ಬಾರಿಸುವುದನ್ನು ಕಂಡ. ಜೀರುಂಡೆಯ ಸದ್ದು ಅಲ್ಲಿ ಗುಡುಗಾಗಿತ್ತು. ಅಂದಿನಿಂದ ಅವನಿಗೆ ಒಂದೇ ಹುಚ್ಚು. ಆರ್ಕೆಸ್ಟ್ರಾ ಬಿಟ್ಟವರೊಬ್ಬರ ಹಳೆಯ ಗಿಟಾರು ತಂದ. ತಂತಿಯ ದನಿಯನ್ನು ಒರಟು ಮಾಡುವ ಪೆಡಲ್ ತಂದ. ಗುಹೆಯ ಸಂಗೀತವನ್ನು ಎಳೆ ಎಳೆಯಾಗಿ ಬಿಡಿಸಿದ. ಮೇಲಿನ ದನಿ ತನಗೆ. ಕೆಳಗಿನ ದನಿ, ಮಾವಿನಕುರ್ವೆಯಿಂದ ಬೋಟಿಗೆ ಹೋಗುವ ಗಣೇಶನ ಬೇಸ್ ಗಿಟಾರಿಗೆ. ಕುಟ್ಟುವ ತಾಳ, ಗೂಡ್ಸ್ ರಿಕ್ಷಾ ಹೊಡೆಯುವ ರಾಮನ ಡ್ರಮ್ಮಿಗೆ.

ಮೂವರೂ ಒಟ್ಟಿಗೆ ಸಿಗುವುದು ಜೂನ್, ಜುಲೈ ಎರಡೇ ತಿಂಗಳು. ಆಗ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ಹೊಳೆಯಲ್ಲಿ ಹಗ್ಗ ಕಟ್ಟಿಕೊಂಡು ನಿಂತಿರುತ್ತವೆ. ಐಸ್ ಯಾರಿಗೂ ಬೇಡ. ಕೋಲ್ಡ್ ರೂಮ್ ಖಾಲಿ. ಅದರ ಗೋಡೆ ಮೊಳದಪ್ಪ, ಒಳಗೆಲ್ಲ ಥರ್ಮಾಕೋಲ್. ಬಾಗಿಲು ಹಾಕಿದರೆ ಒಳಗೆ ಸಿಡಿಲು ಬಡಿದರೂ ಧಕ್ಕೆಯಲ್ಲಿ ಬಲೆ ಹೊಲಿಯುವವರಿಗೆ ತಿಳಿಯದು. ಅಲ್ಲೇ ಅವರ ತಾಲೀಮು.

ಅಲ್ಲಿಗೆ ಜಾಗ ಮಾಡಿಕೊಟ್ಟವನು ಜಟ್ಟ. ಭಟ್ಕಳದ ಹತ್ತಿರ ಜಾಲಿಯವನು, ಫ್ಯಾಕ್ಟರಿಯ ಮಷಿನ್ ಆಪರೇಟರ್, ಐವತ್ತು ದಾಟಿದವನು. ಅಮೋನಿಯಾ ಗ್ಯಾಸಿನ ಕೊಳವೆಗಳ ನಡುವೆ ಇಪ್ಪತ್ತೆರಡು ವರ್ಷ ಕಳೆದಿದ್ದ. ಮೊದಲ ದಿನ ಇವರ ಗದ್ದಲ ಕೇಳಿ ಕೋಲ್ಡ್ ರೂಮಿನೊಳಗೆ ಇಣುಕಿದ್ದ.

"ತಮಾ, ಇದು ಹಾಡಾ, ಇಲ್ಲ ಕಂಪ್ರೆಸರ್ ಬೇರಿಂಗ್ ಹೋದದ್ದಾ?"

"ಹಾಡು ಜಟ್ಟಣ್ಣ. ಮೆಟಲ್ಲು ಅಂತಾರೆ."

"ಮೆಟಲ್ಲೇ ಹೌದು. ನಂಗೆ ಕೇಳಿ ಸಾಕಾತು, ಇಪ್ಪತ್ತೆರಡು ವರ್ಷ ಅದನ್ನೇ ಕೇಳ್ತೆ ಇದ್ದೆ."

ಹಾಗೆಂದವನು ಮರುದಿನದಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಕೋಲ್ಡ್ ರೂಮಿನ ಬಾಗಿಲಿಗೆ ಬೆನ್ನು ಆನಿಸಿ ಹೊರಗೆ ಕೂತುಕೊಳ್ಳತೊಡಗಿದ. ಬಾಗಿಲಿನ ಹಲಗೆ ನಡುಗುವುದು ಬೆನ್ನಿಗೆ ತಾಗುತ್ತದೆ, ಸೊಂಟ ನೋವಿಗೆ ಒಳ್ಳೆಯದು ಎನ್ನುತ್ತಿದ್ದ. ಒಂದು ದಿನ ತಾನಾಗಿಯೇ ಹೇಳಿದ: "ಹಾಡಿನ ನಡುಗೆ ಸುಮ್ನಾಗ್ತ್ರಲ, ಅದೊಂದು ಚಲೋ. ಈಗ ಬತ್ತದೆ, ಈಗ ಬತ್ತದೆ ಅಂತ ಕಾಯ್ತೆ ಇರ್ತೆ."

ಆ ಮೌನ ರಾಮನಿಗೆ ಕಂಡರಾಗದು. "ಮೆಟಲ್ಲಲ್ಲಿ ಬಾಯಿ ಮುಚ್ಕಂಡು ಕೂರೂದು ಎಂತಕಾ? ಜನ ಕರೆಂಟ್ ಹೋತು ಅಂತ ಎದ್ದು ಹೋಗ್ತಾರೆ" ಎನ್ನುತ್ತಿದ್ದ. ಪ್ರವೀಣ ಎಲ್ಲ ಮಾತಿಗೂ ಹೂಂ ಎನ್ನುವವನು. ಇದೊಂದಕ್ಕೆ ಮಾತ್ರ ಬಗ್ಗಲಿಲ್ಲ. ಹದಿನಾರೆಂದರೆ ಹದಿನಾರು.

ಆ ವರ್ಷ ಕುಮಟೆಯಲ್ಲಿ ಜುಲೈ ಕೊನೆಯ ಭಾನುವಾರ ಕರಾವಳಿಯ ಬ್ಯಾಂಡುಗಳ ಕಾರ್ಯಕ್ರಮವಿತ್ತು. ಮೊದಲು ರೆಕಾರ್ಡಿಂಗ್ ಕಳಿಸಬೇಕು, ಅವರು ಕೇಳಿ ಆರಿಸುತ್ತಾರೆ. ಜೂನ್ ಕೊನೆಗೆ ಇವರು ಮೊಬೈಲ್ ಇಟ್ಟು ರೆಕಾರ್ಡ್ ಮಾಡುತ್ತಿದ್ದಾಗ, ಸರಿಯಾಗಿ ಆ ಮೌನದ ಹೊತ್ತಿಗೆ ಬಾಗಿಲು ತೆರೆದು "ಚಾ ತಂದೆ ಹುಡ್ಗ್ರಾ" ಎಂದು ಜಟ್ಟ ಒಳಗೆ ಬಂದ. ರಾಮ ಡ್ರಮ್ಮಿನ ಕೋಲನ್ನೇ ಎಸೆದ. ಆಮೇಲೆ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಜಟ್ಟನಿಗೆ ಮಾತ್ರ ನಾಚಿಕೆಯಾಯಿತು. ಮರುದಿನ ಹಳೆಯ ದೋಣಿಯ ಹಲಗೆಯೊಂದನ್ನು ಕೀಸಿ, ಬಾಗಿಲಿನ ಒಳಬದಿಗೆ ಎರಡು ಕಬ್ಬಿಣದ ಪಟ್ಟಿ ಹೊಡೆದು, ಅಡ್ಡಕ್ಕೆ ಹಾಕುವ ಅಗುಳಿಯನ್ನು ತಾನೇ ಮಾಡಿಕೊಟ್ಟ.

"ಇನ್ನು ನಾ ಬಂದು ತಟ್ಟಿದ್ರೂ ತೆಗೀಬೇಡಿ. ಮುಗಿದ್ಮೇಲೇ ಚಾ" ಎಂದ.

ಜುಲೈ ಎರಡನೇ ಭಾನುವಾರ ಮಧ್ಯಾಹ್ನ ಮೂರೂವರೆಗೆ ಮೂವರು ಒಳಗೆ ಹೋಗಿ ಅಗುಳಿ ಹಾಕಿಕೊಂಡು, ರೆಕಾರ್ಡಿಂಗಿಗೆ ಪ್ರವೀಣನ ಮೊಬೈಲ್ ಇಟ್ಟರು. ಹೊರಗೆ ಜಟ್ಟ ಒಬ್ಬನೇ. ಗ್ಯಾಸ್ ಟ್ಯಾಂಕಿನ ತಳದಲ್ಲಿ ಕೂತ ಎಣ್ಣೆ ಬಸಿಯಬೇಕೆಂದು ಮ್ಯಾನೇಜರ್ ನಾಗಪತಿ ಹೆಗಡೆಯವರು ಹೇಳಿ ಹೋಗಿದ್ದರು. ಇಬ್ಬರು ಮಾಡುವ ಕೆಲಸ ಅದು. ಗ್ಯಾಸಿನ ಮುಖವಾಡ ಆಫೀಸಿನ ಕಪಾಟಿನಲ್ಲಿತ್ತು, ಕಪಾಟಿನ ಬೀಗದ ಕೈ ಹೆಗಡೆಯವರ ಜೇಬಿನಲ್ಲಿತ್ತು, ಹೆಗಡೆಯವರು ಊರಿಗೆ ಹೋಗಿದ್ದರು.

ಒಳಗೆ ಆ ದಿನ ಎಲ್ಲವೂ ಕೂಡಿಬಂತು. ಹಾಗೆ ಅವರು ಹಿಂದೆಂದೂ ಬಾರಿಸಿರಲಿಲ್ಲ. ಗಣೇಶನ ತಂತಿ ನೀರಿನಂತೆ ತಳಕ್ಕಿಳಿಯಿತು. ರಾಮ ಒಂದೇ ಒಂದು ಪೆಟ್ಟು ತಪ್ಪಲಿಲ್ಲ. ಕಲ್ಲಿನ ಬಾಗಿಲು ಬಂತು. ಮೂವರೂ ಒಮ್ಮೆಲೇ ಕೈ ನಿಲ್ಲಿಸಿದರು. ಪ್ರವೀಣ ಕಣ್ಣು ಮುಚ್ಚಿ ಎಣಿಸತೊಡಗಿದ. ಎರಡಕ್ಕೆ ಬಂದಿರಬೇಕು, ಒಂದು ಬಡಿತ ಕೇಳಿತು. ಮತ್ತೊಂದು. ಮತ್ತೆರಡು. ಮಂದವಾಗಿ, ದೂರದಿಂದ ಬಂದಂತೆ. ಸುಮ್ಮನಿರಲಾರದೆ ರಾಮನೇ ಏನೋ ಸೇರಿಸುತ್ತಿದ್ದಾನೆ ಎಂದುಕೊಂಡ. ಕಲ್ಲಿನ ಬಾಗಿಲ ಎದುರು ಬಾಗಿಲು ತಟ್ಟುವ ಸದ್ದು! ಇಷ್ಟು ದಿನ ತನಗೇಕೆ ಹೊಳೆಯಲಿಲ್ಲ? ಖುಷಿಯಲ್ಲಿ ಅವನ ಬಾಯಿಂದ "ಹಾಂ, ಹಂಗೇ!" ಎಂಬ ಮಾತು ಹೊರಬಿತ್ತು. ಹದಿನಾರಾಯಿತು. ಮೂರೂ ದನಿ ಒಟ್ಟಿಗೆ ಎದ್ದವು. ಇನ್ನೂ ಮೂರು ನಿಮಿಷ ಬಾರಿಸಿ ಮುಗಿಸಿದರು.

ಗಣೇಶ ಅಗುಳಿ ತೆಗೆದು ಬಾಗಿಲು ದೂಡಿದ. ಅದು ಮುಂದೆ ಹೋಗಲಿಲ್ಲ. ಆಚೆ ಏನೋ ಭಾರ ಆತುಕೊಂಡಿತ್ತು. ಭುಜ ಕೊಟ್ಟು ಗೇಣಗಲ ತೆರೆದಾಗ ಕಣ್ಣಿಗೆ, ಗಂಟಲಿಗೆ ಬೆಂಕಿ ಬಿದ್ದಂತಾಯಿತು. ಹೊರಗೆಲ್ಲ ಅಮೋನಿಯಾ. ಹೊರದಾರಿಗೆ ಹೋಗಬೇಕಾದರೆ ಆ ಟ್ಯಾಂಕಿನ ಬುಡದಿಂದಲೇ ಹಾಯಬೇಕು. ಇಡೀ ಕಟ್ಟಡದಲ್ಲಿ ಗ್ಯಾಸ್ ಹೊಗದೆ ಉಳಿದದ್ದು ಅವರು ಕೂತಿದ್ದ ಕೋಲ್ಡ್ ರೂಮ್ ಒಂದೇ. ಅದರ ಹೊಸ್ತಿಲಲ್ಲಿ ಜಟ್ಟ ಬಿದ್ದಿದ್ದ.

ಕುಡಿಯಲು ತಂದ ನೀರಿನಲ್ಲಿ ಅಂಗಿ ತೋಯಿಸಿ ಮುಖಕ್ಕೆ ಕಟ್ಟಿಕೊಂಡು ಅವನನ್ನು ಒಳಗೆಳೆದರು. ಐಸ್ ಗಡ್ಡೆ ಜಾರಿಸುವ ಕಂಡಿಯಿಂದಲೇ ಅವನನ್ನು ಧಕ್ಕೆಗೆ ಜಾರಿಸಿ, ತಾವೂ ಹಾರಿದರು. ಉಸಿರಿತ್ತು. ಹೊನ್ನಾವರದ ಆಸ್ಪತ್ರೆಯವರು ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಓಡಿತು. ಪ್ರವೀಣ ಒಳಗೆ ಅವನ ಕಾಲು ಹಿಡಿದು ಕೂತಿದ್ದ. ಭಟ್ಕಳದ ಸರ್ಕಲ್ ದಾಟುವಾಗ, ಜಾಲಿಗೆ ತಿರುಗುವ ದಾರಿ ಹಿಂದೆ ಬೀಳುವಾಗ, ಆ ಕಾಲು ಸಡಿಲಾಯಿತು.

ಪೊಲೀಸರು ಕೇಳಿದಾಗ ಮೂವರೂ ಒಂದೇ ಹೇಳಿಕೆ ಕೊಟ್ಟರು: ಒಳಗಿದ್ದೆವು, ನಮಗೆ ಏನೂ ಕೇಳಲಿಲ್ಲ. ಹೆಗಡೆಯವರು ಹೇಳಿದ್ದು ಬೇರೆ. ಜಟ್ಟ ಕುಡಿದಿದ್ದ, ವಾಲ್ವ್ ತೆರೆದಿಟ್ಟು ಬಂದು ಎಂದಿನಂತೆ ಕುರ್ಚಿಯಲ್ಲಿ ಕೂತವನು ನಿದ್ದೆ ಹೋದ, ನಿದ್ದೆಯಲ್ಲೇ ಗ್ಯಾಸ್ ಕುಡಿದ. ತಪ್ಪು ಅವನದೇ. ಕುರ್ಚಿ ಬಾಗಿಲ ಪಕ್ಕದಲ್ಲೇ ಮಗುಚಿ ಬಿದ್ದಿತ್ತು. ಅವನು ದಿನಾ ಅಲ್ಲಿ ಕೂರುತ್ತಿದ್ದದ್ದು ಧಕ್ಕೆಗೆಲ್ಲ ಗೊತ್ತು. ಕುಡಿಯುತ್ತಿದ್ದದ್ದೂ ಒಂದು ಕಾಲದಲ್ಲಿ ಗೊತ್ತಿದ್ದದ್ದೇ. ಹೆಗಡೆಯವರ ಮಾತೇ ಉಳಿಯಿತು.

ನಾಲ್ಕನೇ ದಿನ ಪ್ರವೀಣ ಇಯರ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗ್ ಕೇಳಿದ. ಕೇಳಿದವನು ನೇರ ರಾಮನ ರಿಕ್ಷಾ ಸ್ಟ್ಯಾಂಡಿಗೆ ಹೋದ. ಗಣೇಶನೂ ಅಲ್ಲೇ ಇದ್ದ.

"ರಾಮಾ, ಆ ಸುಮ್ನಿರೂ ಜಾಗದಲ್ಲಿ ಬಡ್ದದ್ದು ನೀನಾ?"

"ನಾನಾ? ನಾ ಎಂತಕೆ ಬಡೀಲಿ? ನೀನೇ ಗಿಟಾರ್ ಮೇಲೆ ಕೈ ಬಡೀತಿದ್ದೆ ಅಂತ ಮಾಡಿದ್ದೆ."

ಇಬ್ಬರೂ ಗಣೇಶನನ್ನು ನೋಡಿದರು. ಗಣೇಶ ತಲೆ ಅಲ್ಲಾಡಿಸಿದ. ಆಮೇಲೆ ರಾಮ ದನಿ ತಗ್ಗಿಸಿ, "ಡಿಲೀಟ್ ಮಾಡು" ಎಂದ. ಅರೆಗಳಿಗೆ ಬಿಟ್ಟು, "ಅಲ್ಲ, ಬೇಡ. ಆ ಜಾಗ ಅಷ್ಟೇ ಕತ್ತರ್ಸು. ಉಳಿದದ್ದು ಕುಮಟೆಗೆ ಕಳ್ಸುವ. ಹಂಗೆ ಇನ್ನು ಈ ಜನ್ಮದಲ್ಲಿ ಬಾರಿಸೂಕಾಗ್ತದಾ ನಮಗೆ?"

"ಜಟ್ಟಣ್ಣ ಎಚ್ಚರ ಇದ್ದ ರಾಮಾ. ಅಂವ ನಿದ್ದೆ ಮಾಡ್ಲಿಲ್ಲ."

"ಎಚ್ಚರ ಇದ್ದ ಅಂದ್ರೆ, ನಾವ್ ತೆಗೀಲಿಲ್ಲ ಅಂತಾತು. ಅದೂ ಹೇಳ್ತ್ಯಾ? ಹೋದವ ಹೋದ. ಇದ್ದವ್ರ ಕುತ್ತಿಗೆ ಎಂತಕೆ ಕೊಯ್ತೆ?"

ಪ್ರವೀಣ ಮನೆಗೆ ಬಂದು ಕತ್ತರಿಸಲು ಕೂತ. ಕೂತದ್ದು ಸುಳ್ಳಲ್ಲ. ಆ ಹತ್ತು ಸೆಕೆಂಡನ್ನು ಮೊಬೈಲಿನ ಪರದೆಯ ಮೇಲೆ ದೊಡ್ಡದು ಮಾಡಿದಾಗ ಬಡಿತಗಳು ಸಣ್ಣ ಸಣ್ಣ ಮೊಳೆಯಂತೆ ಎದ್ದು ಕಂಡವು. ಒಂಬತ್ತು. ಮೊದಲಿನ ನಾಲ್ಕು ಎತ್ತರ, ಮುಷ್ಟಿಯಿಂದ ಗುದ್ದಿದವು. ಆಮೇಲಿನ ಮೂರು ಅಂಗೈಯವು. ಕೊನೆಯ ಎರಡು ತೀರಾ ಗಿಡ್ಡ. ಬಾಗಿಲಿನ ಬುಡದಿಂದ, ನೆಲದ ಹತ್ತಿರದಿಂದ ಬಂದವು. ನಾಲ್ಕನೆಯ ಬಡಿತಕ್ಕೂ ಐದನೆಯದಕ್ಕೂ ನಡುವೆ ತನ್ನದೇ ದನಿ: ಹಾಂ, ಹಂಗೇ. ಪರದೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಮೊಳೆ ಅದು.

ಇನ್ನೊಂದು ಸಂಗತಿ ಅವನಿಗೆ ತಿಳಿದದ್ದು ಆಗಲೇ. ಮೊದಲ ಬಡಿತ ಬಿದ್ದದ್ದು ಮೌನ ಶುರುವಾದ ಕೂಡಲೇ. ಗಿಟಾರು ಗುಡುಗುವಾಗ ತಟ್ಟಿದರೆ ಕೇಳದು ಎಂದು ಜಟ್ಟನಿಗೆ ಗೊತ್ತಿತ್ತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವನು ಆ ಹದಿನಾರಕ್ಕೆ ಕಾದಿದ್ದ. ಉಸಿರು ಬಿಗಿಹಿಡಿದು, ಉಳಿದ ಶಕ್ತಿಯನ್ನೆಲ್ಲ ಅದಕ್ಕೆಂದೇ ಇಟ್ಟುಕೊಂಡು.

ಪ್ರವೀಣ ಕತ್ತರಿಸಲಿಲ್ಲ. ಬೆಳಿಗ್ಗೆ ಭಟ್ಕಳದ ಬಸ್ ಹತ್ತಿದ.

ಜಾಲಿಯಲ್ಲಿ ಜಟ್ಟನ ಮನೆಯ ಜಗಲಿಯಲ್ಲಿ ಅವನ ಮಗಳು ವೀಣಾ ಹೊಲಿಗೆ ಮಷಿನ್ ಮುಂದೆ ಕೂತಿದ್ದಳು. ಹೊಲಿಯುತ್ತಿರಲಿಲ್ಲ. ಪ್ರವೀಣನಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಸ್ಮಶಾನದಲ್ಲಿ ಅವನನ್ನು ದೂರದಿಂದ ನೋಡಿದ್ದಳು.

"ಬಾ. ಕೂತ್ಕ. ನೀವು ಮೂರು ಜನ ಅಪ್ಪನ್ನ ಎಳ್ದು ಹೊರಗೆ ತಂದವ್ರು ಅಲ್ದ?" ಎಂದಳು. "ಆ ಉಪಕಾರ ಮರೆಯೂದಿಲ್ಲ."

ಆ ಮಾತಿಗೆ ಪ್ರವೀಣನಿಗೆ ಕೂರಲಾಗಲಿಲ್ಲ. ಕಂಬ ಹಿಡಿದು ನಿಂತ.

"ಅಪ್ಪ ಕುಡೀತಿದ್ದ ಅಂತ ಬರ್ಕಂಡಾರಂತೆ" ಎಂದು ಅವಳೇ ಮುಂದುವರಿಸಿದಳು. "ಇಡಗುಂಜಿ ದೇವ್ರ ಎದ್ರು ನಿಂತು ಬಿಟ್ಟದ್ದು ಅಂವ. ಏಳು ವರ್ಷಾತು. ಮಾತು ಮುರೀಲಿಲ್ಲ. ನಾ ಎಷ್ಟ್ ಹೇಳಿದ್ರೂ ಅವ್ರು ಹೂಂ ಹೂಂ ಅಂತಾರೆ, ಬರ್ದದ್ದು ಹಂಗೇ ಇದೆ. ನೀ ಹೇಳು, ಅಂವ ನಿದ್ದೆ ಮಾಡಿದ್ನಾ?"

"ಇಲ್ಲ ವೀಣಕ್ಕ."

"ನಿಂಗ್ ಹೆಂಗ್ ಗೊತ್ತು? ನಿಂಗೆ ಏನೂ ಕೇಳ್ಲಿಲ್ಲ ಅಂದ್ಯಲ?"

ಪ್ರವೀಣ ಮೊಬೈಲ್ ತೆಗೆದ. ಇಯರ್‌ಫೋನಿನ ಗಂಟು ಬಿಡಿಸಲು ಬಹಳ ಹೊತ್ತು ಹಿಡಿಯಿತು. "ಮೊದ್ಲು ಗದ್ಲ ಬರ್ತದೆ. ಆಮೇಲೆ ಸುಮ್ನಾಗ್ತದೆ. ಆ ಸುಮ್ನಿರೂದ್ರೊಳಗೆ ಕೇಳು" ಎಂದು ಕೈಗೆ ಕೊಟ್ಟ.

ಅವಳು ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಬೆರಳು ಮಾತ್ರ ಹೊಲಿಗೆ ಮಷಿನ್ನಿನ ಹಲಗೆಯ ಮೇಲೆ ಒಂದೊಂದಾಗಿ ಮಡಚಿಕೊಳ್ಳುತ್ತಿತ್ತು. ಮತ್ತೊಮ್ಮೆ ಹಾಕು ಎಂದಳು. ಹಾಕಿದ. ಮೂರನೆಯ ಸಲ ತಾನೇ ಹಾಕಿಕೊಂಡಳು. ಆಮೇಲೆ ಇಯರ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, "ಒಂಬತ್ತು" ಎಂದಳು. "ಕಡೀದೆರಡು ಸಣ್ಣದು."

"ಹೌದು."

"ನಡುಗೆ ಒಬ್ಬ 'ಹಂಗೇ' ಅಂತಾನಲ, ಅದು ಯಾರು?"

ಬಸ್ಸಿನಲ್ಲಿ ಬರುವಾಗ ಈ ಪ್ರಶ್ನೆಗೆ ಹತ್ತು ಉತ್ತರ ಕಟ್ಟಿಕೊಂಡಿದ್ದ. ಎಲ್ಲ ಬಿಟ್ಟು ಇದ್ದದ್ದನ್ನೇ ಹೇಳಿದ. "ನಾನು. ರಾಮ ಬಡೀತಿದ್ದ ಅಂದ್ಕಂಡೆ. ಚಲೋ ಆತು ಅಂತ ಹೇಳಿದೆ."

ಅವಳು ಅವನನ್ನು ಬೈಯಬಹುದಿತ್ತು, ಹೊಡೆಯಬಹುದಿತ್ತು. ಅದಕ್ಕಾಗಿಯೇ ಅವನು ಕಾದು ನಿಂತಿದ್ದ. ಅವಳು ಹಲಗೆಯ ಮೇಲಿನ ದಾರದ ತುಂಡುಗಳನ್ನು ಒಟ್ಟು ಮಾಡಿ, ಉಂಡೆ ಕಟ್ಟಿ, ಅಂಗಳಕ್ಕೆ ಎಸೆದಳು.

"ಸೀರೆ ಉಟ್ಕಂಡು ಬತ್ತೆ, ನಿಲ್ಲು. ಹೊನ್ನಾವರಕ್ಕೆ ಹೋಗುವ. ಇದು ಸ್ಟೇಷನ್ನಲ್ಲಿ ನೀನೇ ಹಾಕ್ಬೇಕು. ನಂಗೆ ಇದರ ಬಟನ್ ಎಲ್ಲ ತಿಳಿಯೂದಿಲ್ಲ."

ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು, ಅವನು ಹಿಂದೆ. ದಾರಿಯಲ್ಲಿ ರಾಮನ ಫೋನು ಆರು ಸಲ ಬಂತು. ಪ್ರವೀಣ ಎತ್ತಲಿಲ್ಲ. ಆ ದಿನದ ಮೇಲೆ ರಾಮನಾಗಲಿ ಗಣೇಶನಾಗಲಿ ಅವನೊಡನೆ ಮಾತಾಡಿಲ್ಲ.

ಠಾಣೆಯಲ್ಲಿ ಸಾಹೇಬರು, ಇಬ್ಬರು ಪೇದೆಗಳು, ವೀಣಾ, ಪ್ರವೀಣ. ಮೊಬೈಲನ್ನು ಮೇಜಿನ ಮೇಲಿಟ್ಟು, ದನಿ ದೊಡ್ಡದು ಮಾಡಿ ಹಾಕಿದ. ಗುಹೆಯ ಸಂಗೀತ ಆ ಕೋಣೆಯನ್ನೆಲ್ಲ ತುಂಬಿತು. ಅವರ ಬ್ಯಾಂಡನ್ನು ನಾಲ್ಕು ಜನ ಕೂತು ಕೇಳಿದ್ದು ಅದೇ ಮೊದಲು, ಅದೇ ಕೊನೆ.

"ಎಂತ ಗದ್ಲ ಮಾರಾಯ ಇದು! ಬಡಿತ ಎಲ್ಲಿ ಅದೆ ಇದರಲ್ಲಿ?" ಎಂದು ಒಬ್ಬ ಪೇದೆ ಕಿವಿ ಮುಚ್ಚಿಕೊಂಡ.

"ಈಗ ಬರ್ತದೆ" ಎಂದ ಪ್ರವೀಣ.

ಸಂಗೀತ ನಿಂತಿತು. ಹೊರಗೆ ರಸ್ತೆಯಲ್ಲಿ ಮಳೆ ಸುರಿಯುತ್ತಿತ್ತು. ಪ್ರವೀಣನ ತುಟಿ ತಾನಾಗಿ ಎಣಿಸುತ್ತಿತ್ತು. ಬಡಿತಗಳು ಒಂದರ ಹಿಂದೆ ಒಂದು ಬಂದವು. ಕಿವಿ ಮುಚ್ಚಿದ್ದ ಪೇದೆ ಕೈ ಕೆಳಗಿಳಿಸಿ ಮೇಜಿನ ಕಡೆ ಬಾಗಿದ. ಹದಿನಾರು ಮುಗಿದು ಗಿಟಾರು ಎದ್ದ ಕೂಡಲೇ ಪ್ರವೀಣ ಆಫ್ ಮಾಡಲು ಕೈ ಚಾಚಿದ. ವೀಣಾ ಅವನ ಮಣಿಕಟ್ಟು ಹಿಡಿದಳು.

"ಇರ್ಲಿ. ಪೂರಾ ಆಗ್ಲಿ. ಎಷ್ಟು ಹೊತ್ತು ಬಾರ್ಸಿದ್ರಿ ಅಂತ ಇವ್ರಿಗೂ ಗೊತ್ತಾಗ್ಲಿ."

ಮೂರು ನಿಮಿಷ ಹನ್ನೊಂದು ಸೆಕೆಂಡು. ಪೂರಾ ಆಗುವವರೆಗೆ ಅವಳು ಕೈ ಬಿಡಲಿಲ್ಲ. ಕೊನೆಗೆ ಬಾಗಿಲು ದೂಡುವ ಸದ್ದು, ಗಣೇಶನ ಕೆಮ್ಮು, ರೆಕಾರ್ಡಿಂಗ್ ಮುಗಿಯಿತು.

ಸಾಹೇಬರು ಹಳೆಯ ಹೇಳಿಕೆಯ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಹೊಸ ಹಾಳೆ ತೆಗೆದುಕೊಂಡರು. ಮೃತನು ಎಚ್ಚರವಿದ್ದು ಬಾಗಿಲು ತಟ್ಟಿರುವುದು ಕೇಳಿಬರುತ್ತದೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ನಿಧಾನವಾಗಿ ಬರೆದರು. ವೀಣಾ ಆ ಸಾಲನ್ನು ತಲೆಕೆಳಗಾಗಿಯೇ ಓದಿಕೊಂಡಳು. ಆಮೇಲೆ ಸಾಹೇಬರು ತಲೆ ಎತ್ತಿದರು.

"ನಡುವೆ ಒಂದು ಮಾತು ಬಂತಲ್ಲ. ಅದು ಯಾರ ದನಿ?"

ಯಾರೂ ಏಳು ಎನ್ನದಿದ್ದರೂ ಪ್ರವೀಣ ಎದ್ದು ನಿಂತ.

"ನಂದು, ಸರ್" ಎಂದ.

ಅವರು ಅದನ್ನೂ ಬರೆದುಕೊಂಡರು.